ಉಮೇಶ ಕತ್ತಿ

ಉಮೇಶ ವಿಶ್ವನಾಥ ಕತ್ತಿ (1961–2022): ಬೆಳಗಾವಿ ಜಿಲ್ಲೆಯ ಹುಕ್ಕೇರಿ ಕ್ಷೇತ್ರವನ್ನು ದೀರ್ಘಕಾಲ ಪ್ರತಿನಿಧಿಸಿದ ಶಾಸಕ, ಸಚಿವ. ತಂದೆ ವಿಶ್ವನಾಥ ಕತ್ತಿಯವರ ನಿಧನದಿಂದ ತೆರವಾದ ಸ್ಥಾನಕ್ಕೆ 1985ರಲ್ಲಿ ನಡೆದ ಉಪಚುನಾವಣೆಯಲ್ಲಿ ಜನತಾ ಪಕ್ಷದಿಂದ ಗೆದ್ದು ವಿಧಾನಸಭೆ ಪ್ರವೇಶಿಸಿದ ಇವರು, ಜನತಾ ಪರಿವಾರ ಒಡೆದಂತೆ ಜನತಾ ದಳ ಹಾಗೂ ಸಂಯುಕ್ತ ಜನತಾ ದಳಗಳಿಂದ ಆಯ್ಕೆಯಾಗಿ, 2004ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತು, 2008ರ ಮೇ ತಿಂಗಳಲ್ಲಿ ಜಾತ್ಯತೀತ ಜನತಾ ದಳದಿಂದ ಮರಳಿ ಗೆದ್ದರು. ಆ ಚುನಾವಣೆಯಲ್ಲಿ 224 ಸ್ಥಾನಗಳ ಸದನದಲ್ಲಿ 110 ಸ್ಥಾನ ಪಡೆದಿದ್ದ ಬಿಜೆಪಿ, ಅನ್ಯಪಕ್ಷಗಳ ಶಾಸಕರಿಂದ ರಾಜೀನಾಮೆ ಕೊಡಿಸಿ ತನ್ನ ಚಿಹ್ನೆಯ ಮೇಲೆ ಮರುಸ್ಪರ್ಧೆಗೆ ಇಳಿಸಿದ ಕ್ರಮಕ್ಕೆ 'ಆಪರೇಷನ್ ಕಮಲ' ಎಂಬ ಹೆಸರು ಬಂತು. ಸದಸ್ಯತ್ವವನ್ನೇ ತ್ಯಜಿಸಿದವರಿಗೆ ಪಕ್ಷಾಂತರ ನಿಷೇಧ ಕಾಯ್ದೆಯ ಅನರ್ಹತೆ ಅಂದು ತಟ್ಟಲಿಲ್ಲ. ಹೀಗೆ ರಾಜೀನಾಮೆಯಿತ್ತ ಕತ್ತಿ ಹುಕ್ಕೇರಿಯಲ್ಲಿಯೂ, ಅವರಂತೆಯೇ ರಾಜೀನಾಮೆಯಿತ್ತ ಶಾಸಕ ಬಾಲಚಂದ್ರ ಜಾರಕಿಹೊಳಿ ನೆರೆಯ ಅರಭಾವಿಯಲ್ಲಿಯೂ ಅದೇ ವರ್ಷದ ಡಿಸೆಂಬರಿನ ಉಪಚುನಾವಣೆಯಲ್ಲಿ ಗೆದ್ದರು. 2013 ಮತ್ತು 2018ರಲ್ಲಿ ಪುನರಾಯ್ಕೆಯಾದ ಕತ್ತಿ ಕೃಷಿ, ಆಹಾರ, ಅರಣ್ಯ ಖಾತೆಗಳನ್ನು ನಿರ್ವಹಿಸಿದರು. ಉತ್ತರ ಕರ್ನಾಟಕಕ್ಕೆ ಪ್ರತ್ಯೇಕ ರಾಜ್ಯ ಬೇಕೆಂದು ಸಚಿವರಾಗಿದ್ದಾಗಲೂ ಬಹಿರಂಗವಾಗಿ ವಾದಿಸಿದರು. ಪಕ್ಷ ಹಲವು ಬಾರಿ ಬದಲಾದರೂ ಕ್ಷೇತ್ರ ಬದಲಾಗದಿರುವುದು, ಮತದಾರರ ನಿಷ್ಠೆ ಚಿಹ್ನೆಗಿಂತ ವ್ಯಕ್ತಿ ಮತ್ತು ಮನೆತನದ ಕಡೆಗಿತ್ತು ಎಂಬುದನ್ನು ತೋರಿಸುತ್ತದೆ. ಅರಣ್ಯ ಸಚಿವರಾಗಿದ್ದಾಗಲೇ 2022ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ನಿಧನರಾದರು. 2023ರಲ್ಲಿ ಪುತ್ರ ನಿಖಿಲ ಕತ್ತಿ ಹುಕ್ಕೇರಿಯಿಂದ ಆಯ್ಕೆಯಾದರು.