ಛಾಯಾಚಿತ್ರವೂ ಮನೆಯವರ ಅನುಮತಿಯೂ

ಧಾರವಾಡ ಸೀಮೆಯ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆಯುವ ಕಾರ್ಯವು ೧೮೫೫ರಷ್ಟು ಹಿಂದೆಯೇ ಮೊದಲಾಯಿತು. ಮುಂಬಯಿ ಸರಕಾರವು ಆ ವರ್ಷ ಥಾಮಸ್ ಬಿಗ್ಸ್ ಎಂಬ ಸೇನಾಧಿಕಾರಿಯನ್ನು ಇದಕ್ಕೆಂದು ನಿಯಮಿಸಿತು. ತರುವಾಯ ಪಿಗೂ, ನೀಲ್ ಎಂಬ ವೈದ್ಯರು ಅದನ್ನು ಮುಂದುವರಿಸಿದರು. ಮೂವರ ಚಿತ್ರಗಳೂ ಕೂಡಿ, ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದವು. ಅಂದು ಮದ್ದು ಸವರಿದ ಕಾಗದದ ಮೇಲೆ ಬಿಂಬವು ಮೂಡಲು ನಿಮಿಷಗಟ್ಟಲೆ ಕಾಲ ಬೇಕಾಗುತ್ತಿದ್ದಿತು. ಅಷ್ಟರಲ್ಲಿ ಅತ್ತಿತ್ತ ನಡೆದವನು ಮಂಜಿನಂತೆ ಮಾಸಿಹೋಗುವನು, ಇಲ್ಲವೆ ಮೂಡುವುದೇ ಇಲ್ಲ. ಆದುದರಿಂದ ಇಂತಹ ಚಿತ್ರದಲ್ಲಿ ಕಂಬದ ಬಳಿ ಸ್ಪಷ್ಟವಾಗಿ ಕಾಣುವ ಮನುಷ್ಯನು ಬಹುಮಟ್ಟಿಗೆ ತಿಳಿದೇ ನಿಂತವನು.

ಆದರೆ ಅರಿವಿದ್ದ ಮಾತ್ರಕ್ಕೆ ನ್ಯಾಯವಾಯಿತೆಂದು ಹೇಳಲಾಗದು. ವಿಲಿಯಂ ಜಾನ್ಸನ್ನನು ೧೮೬೩-೬೬ರಲ್ಲಿ ಪ್ರಕಟಿಸಿದ ಮುಂಬಯಿಯ ಜನಾಂಗಗಳ ಸಂಪುಟಗಳಲ್ಲಿ, ಜನರ ಬಿಂಬವನ್ನು ಒಂದೆಡೆ ಹಿಡಿದು, ಬೇರೊಂದೆಡೆಯ ಹಿನ್ನೆಲೆಯನ್ನು ಅದಕ್ಕೆ ಜೋಡಿಸಿದುದುಂಟು. ನಿಂತವರು ನಿಜ, ಅವರ ನೆಲೆ ಮಾತ್ರ ನಿಜವಲ್ಲ.

೧೯೨೫ರಲ್ಲಿ ಜರ್ಮನಿಯ ಲೈಕಾ ಎಂಬ ಚಿಕ್ಕ ಕ್ಯಾಮೆರಾ ಮಾರಾಟಕ್ಕೆ ಬಂದ ಮೇಲೆ, ನಿಲ್ಲಿರೆಂದು ಕೇಳದೆಯೇ ಕ್ಷಣಾರ್ಧದಲ್ಲಿ ಚಿತ್ರ ತೆಗೆಯುವುದು ಸುಲಭವಾಯಿತು. ಅದುವರೆಗೆ ಯಂತ್ರವೇ ವಿಧಿಸಿದ್ದ ಮರ್ಯಾದೆಯು ಇನ್ನು ಮನುಷ್ಯನ ಮನಸ್ಸಾಕ್ಷಿಯ ಪಾಲಿಗೆ ಬಂದಿತು.

ಅರಿವಿಲ್ಲದಿರುವಿಕೆಯಲ್ಲಿಯೂ ಎರಡು ಬಗೆಗಳುಂಟು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನು ಮರದ ಮರೆಯಿಂದ ಆಶ್ರಮಕನ್ಯೆಯರನ್ನು ನೋಡುವುದು ಒಂದು ಬಗೆ. ನೋಡುವವನು ಎದುರಿಗೇ ಇದ್ದು, ಬಳಕೆಯಿಂದ ಜನರು ಅವನನ್ನು ಮರೆಯುವುದು ಇನ್ನೊಂದು. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸರು ೧೯೪೮ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ನೆಲಸಿದಾಗ, ಊರವರ ಬಾಯಲ್ಲಿ ಅವರ ಕ್ಯಾಮೆರಾ 'ಚಾಮರ'ವಾಯಿತು. ತಮ್ಮ ಮಾತಿನಲ್ಲಿ ಹೆಸರು ಪಡೆದ ಯಂತ್ರವು ಊರಿಗೆ ಪರಕೀಯವಾಗಿ ಉಳಿಯದು.

೨೦೧೭ರ ಆಗಸ್ಟ್ ೨೪ರಂದು, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಅರ್ಜಿಯ ಪ್ರಕರಣದಲ್ಲಿ, ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಹೊಸ್ತಿಲ ಹೊರಗೆ ನಿಂತು ಕರೆದು, ಒಳಗಿನವರು ಬನ್ನಿರೆಂದ ಮೇಲೆ ಕಾಲಿಡುವ ಹಳ್ಳಿಯವರಿಗೆ ಈ ತತ್ತ್ವವು ಹೊಸತೇನಲ್ಲ. ನವಲಗುಂದದ ಜಮಖಾನೆಗಳನ್ನು ನೇಯುವ ಹೆಣ್ಣುಮಕ್ಕಳಿಗೆ ಪರಂಪರೆಯಿಂದ ಮನೆಯೇ ಮಗ್ಗದ ತಾಣ. ಅಲ್ಲಿಗೆ ಕ್ಯಾಮೆರಾ ಒಯ್ಯುವವನು ಮೊದಲು ಅತಿಥಿಯಾಗಬೇಕು. ಕೇಳಿ, ಒಪ್ಪಿಗೆ ಪಡೆದು, ಸುಮ್ಮನೆ ಕುಳಿತಿರಬೇಕು. ನೇಯುವವಳ ದೃಷ್ಟಿಯು ಅವನನ್ನು ಬಿಟ್ಟು ನೂಲಿಗೆ ಮರಳಿದಾಗ ತೆಗೆದ ಚಿತ್ರವು ಸಹಜವೂ ಹೌದು, ನ್ಯಾಯವೂ ಹೌದು.