ಕೈ, ಕಿವಿ, ಮೈಕ್ರಾನು: ಕಾಳಿ ಕಣಿವೆಯಲ್ಲಿ ಯಂತ್ರದ ನಾಡಿ ಹಿಡಿದ ಚರಿತ್ರೆ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಅಡಿಕೆ ತೋಟಗಳಲ್ಲಿ ಪಂಪ್‌ಸೆಟ್ ನೋಡಿಕೊಳ್ಳುವವರು ಮೋಟಾರಿನ ಮೈಮೇಲೆ ಅಂಗೈ ಇಟ್ಟು ಪರೀಕ್ಷಿಸುತ್ತಾರೆ. ಕೈ ತಡೆಯದಷ್ಟು ಬಿಸಿಯಾಗಿದ್ದರೆ ಸ್ವಿಚ್ ಆರಿಸುತ್ತಾರೆ. ಸದ್ದು ಬದಲಾಗಿದ್ದರೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗಿಗೂ ಹಿಡಿಯನ್ನು ಕಿವಿಗೂ ಒತ್ತಿ ಆಲಿಸುತ್ತಾರೆ. ಅದಕ್ಕೂ ಹಿಂದೆ, ಆಲೆಮನೆಯಲ್ಲಿ ಕೋಣ ಕಟ್ಟಿದ ಗಾಣ ಕಿರುಗುಟ್ಟಿದೊಡನೆ ಎಣ್ಣೆ ಬೀಳುತ್ತಿತ್ತು. ಯಂತ್ರ ಕೆಡುವ ಮೊದಲೇ ಅದರ ಕೇಡನ್ನು ಅರಿಯುವ ವಿದ್ಯೆಗೆ ಈ ಸೀಮೆಯಲ್ಲಿ ಇದೇ ಮೊದಲ ಪಾಠ. ಆ ವಿದ್ಯೆ ಅಂಕಿಗಳ ಭಾಷೆ ಕಲಿತದ್ದು ಕಾಳಿ ನದಿಯ ವಿದ್ಯುದಾಗಾರಗಳಲ್ಲಿ.

ಹೊರ ಜಗತ್ತಿನಲ್ಲಿ ಈ ಕಲಿಕೆಗೆ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು. 1839ರಲ್ಲಿ ಐಸಾಕ್ ಬ್ಯಾಬಿಟ್ ರೂಪಿಸಿದ ಮೆದು ಲೋಹ ಬೇರಿಂಗುಗಳ ಒಳಪದರವಾಯಿತು. 1912ರಲ್ಲಿ ಆಲ್ಬರ್ಟ್ ಕಿಂಗ್ಸ್‌ಬರಿ ತಮ್ಮ ಥ್ರಸ್ಟ್ ಬೇರಿಂಗನ್ನು ಅಮೆರಿಕದ ಹೋಲ್ಟ್‌ವುಡ್ ಜಲವಿದ್ಯುದಾಗಾರದಲ್ಲಿ ಅಳವಡಿಸಿದರು. ನೆಟ್ಟಗೆ ನಿಂತ ಜಲಯಂತ್ರದ ತಿರುಗುವ ಭಾಗಗಳ ಅಷ್ಟೂ ಭಾರವನ್ನು ಹೊರುವುದು ಕೂದಲೆಳೆಯಷ್ಟು ತೆಳುವಾದ ಎಣ್ಣೆಯ ಪದರ. ಅದು ಹರಿದರೆ ಕ್ಷಣಗಳಲ್ಲಿ ಬ್ಯಾಬಿಟ್ ಲೋಹ ಕರಗುತ್ತದೆ. ಹಾಗಾಗಿ ಬೇರಿಂಗಿನ ಪ್ಯಾಡಿನೊಳಗೇ ಶಾಖಮಾಪಕ ಹೂಳುವುದು ವಾಡಿಕೆಯಾಯಿತು. ಕಂಪನಕ್ಕೆ ಇಂಥ ಅಳತೆಗೋಲು ಸಿಕ್ಕಿದ್ದು ತಡವಾಗಿ. ವಿಮಾ ಸಂಸ್ಥೆಯೊಂದರ ಎಂಜಿನಿಯರ್ ಟಿ. ಸಿ. ರಾಥ್‌ಬೋನ್ 1939ರಲ್ಲಿ ಎಷ್ಟು ನಡುಕ ಸಹ್ಯ, ಎಷ್ಟು ಅಪಾಯ ಎಂಬ ನಕ್ಷೆ ಪ್ರಕಟಿಸಿದರು. 1965ರಲ್ಲಿ ಕೂಲಿ ಮತ್ತು ಟ್ಯೂಕಿ ಕೊಟ್ಟ ಗಣಿತವಿಧಾನ ಕಂಪನವನ್ನು ಅದರ ಸ್ವರಗಳಾಗಿ ಬಿಡಿಸುವ ಕೆಲಸವನ್ನು ಹಗುರಗೊಳಿಸಿತು. ನಿಮಿಷಕ್ಕೆ 3000 ಸುತ್ತು ತಿರುಗುವ ಟರ್ಬೈನಿನಲ್ಲಿ ಸೆಕೆಂಡಿಗೆ 50ರ ನಡುಕ ಹೆಚ್ಚಿದರೆ ಬಹುಮಟ್ಟಿಗೆ ತೂಕದ ಅಸಮತೋಲ. 100ರದು ಹೆಚ್ಚಿದರೆ ಶಾಫ್ಟುಗಳ ಜೋಡಣೆ ತಪ್ಪಿರಬಹುದು. ಕಿವಿಗೆ ಒಂದೇ ಗದ್ದಲವಾಗಿ ಕೇಳುತ್ತಿದ್ದುದು ಬೇರೆಬೇರೆ ದೂರುಗಳಾಗಿ ಕಾಣತೊಡಗಿತು.

ಇನ್ನು ಕಾಳಿಯ ಜಲವಿದ್ಯುದಾಗಾರಗಳಿಗೆ ಬಂದರೆ, ನಾಗಝರಿಯಲ್ಲಿ ಆರು ಯಂತ್ರಗಳು, ಯಲ್ಲಾಪುರ ತಾಲ್ಲೂಕಿನ ಕೊಡಸಳ್ಳಿಯಲ್ಲಿ 40 ಮೆಗಾವ್ಯಾಟಿನ ಮೂರು, ಕದ್ರಾದಲ್ಲಿ 50 ಮೆಗಾವ್ಯಾಟಿನ ಮೂರು. ನಿಧಾನವಾಗಿ ತಿರುಗುವ ಇಂಥ ಯಂತ್ರಗಳಲ್ಲಿ ಶಾಫ್ಟು ಎಷ್ಟು ಮೈಕ್ರಾನು ಓಲಾಡುತ್ತಿದೆ ಎಂಬುದೇ ಮುಖ್ಯ. ಮೈಕ್ರಾನೆಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಅಂಗೈಗೆ ದಕ್ಕುವ ಅಳತೆ ಇದಲ್ಲ.

ಕೈಗಾದ ಅಣುವಿದ್ಯುತ್ ಕೇಂದ್ರದ ಪ್ರಕರಣ ಇನ್ನೂ ಸಂಕೀರ್ಣ. 1989ರಲ್ಲಿ ಶಿವರಾಮ ಕಾರಂತರು ಪರಿಸರದ ಪ್ರಶ್ನೆಯನ್ನೇ ಮುಂದಿಟ್ಟು ಈ ಸೀಮೆಯಿಂದ ಲೋಕಸಭೆಗೆ ಸ್ಪರ್ಧಿಸಿದ್ದರು. 1994ರ ಮೇ 13ರಂದು, ಕಟ್ಟುತ್ತಿದ್ದ ಮೊದಲ ಘಟಕದ ಒಳಗುಮ್ಮಟದ ಕಾಂಕ್ರೀಟು ಕಳಚಿ ಬಿತ್ತು. ಜನರ ಅಂಜಿಕೆಗೆ ಆಧಾರವಿತ್ತು ಎಂಬುದನ್ನು ಮರೆತು ಈ ಚರಿತ್ರೆ ಬರೆಯಲಾಗದು. ಸರಿಯಾಗಿ 22 ವರ್ಷದ ಮೇಲೆ, 2016ರ ಮೇ 13ರಂದು ಮತ್ತೆ ಓಡತೊಡಗಿದ ಅದೇ ಘಟಕ 2018ರ ಡಿಸೆಂಬರ್ 31ರವರೆಗೆ, 962 ದಿನ, ಒಮ್ಮೆಯೂ ನಿಲ್ಲಲಿಲ್ಲ. ಬ್ರಿಟನ್ನಿನ ಹೇಶಮ್ ಕೇಂದ್ರದ 940 ದಿನಗಳ ವಿಶ್ವದಾಖಲೆ ಮುರಿಯಿತು. ಕೈಗಾದ ದಾಖಲೆಯನ್ನು ಬಳಿಕ ಕೆನಡಾದ ಡಾರ್ಲಿಂಗ್ಟನ್ 1106 ದಿನಗಳಿಂದ ಮೀರಿತು.

ಓಡುತ್ತಿರುವಾಗಲೇ ಇಂಧನ ಬದಲಿಸಬಲ್ಲ ಭಾರಜಲ ರಿಯಾಕ್ಟರಿನ ವಿನ್ಯಾಸ ಈ ದೀರ್ಘ ಓಟಕ್ಕೆ ಅವಕಾಶ ಕೊಟ್ಟಿತು, ನಿಜ. ಆದರೆ ಪಂಪು, ಟರ್ಬೈನು, ಜನರೇಟರುಗಳಿಗೆ ಆ ಸವಲತ್ತಿಲ್ಲ. ಅವು 962 ದಿನ ತಿರುಗುತ್ತಲೇ ಇರಬೇಕು. ರಿಯಾಕ್ಟರಿನ 306 ಇಂಧನ ನಾಳಗಳಿಂದ ಹೊರಬರುವ ಶೀತಕದ ಶಾಖವನ್ನೂ ಕಾಯುತ್ತಿರಬೇಕು. ಈ ದಾಖಲೆಯನ್ನು ವಿದ್ಯುತ್ ಉತ್ಪಾದನೆಯ ಸಾಧನೆಯೆಂದಷ್ಟೇ ಹೊಗಳಿದ್ದು ಸಾಲದು; ಅಳತೆಯ ಶಿಸ್ತಿಗೆ ಸಲ್ಲಬೇಕಾದ ಪಾಲು ದೊಡ್ಡದು ಎಂಬುದು ನನ್ನ ಖಚಿತ ಅಭಿಪ್ರಾಯ.

ಆ ಶಿಸ್ತು ತಪ್ಪಿದಲ್ಲಿ ಏನಾಗುತ್ತದೆಂಬುದಕ್ಕೆ ರಷ್ಯಾದ ಸಯಾನೊ-ಶುಶೆನ್‌ಸ್ಕಾಯಾ ಜಲವಿದ್ಯುದಾಗಾರ ಸಾಕ್ಷಿ. 2009ರ ಆಗಸ್ಟ್ 17ರಂದು ಅಲ್ಲಿನ ಎರಡನೆಯ ಯಂತ್ರದ ಮುಚ್ಚಳದ ಬೋಲ್ಟುಗಳು ತುಂಡಾಗಿ, ಇಡೀ ಯಂತ್ರವೇ ಮೇಲಕ್ಕೆ ಚಿಮ್ಮಿ 75 ಮಂದಿ ಸತ್ತರು. ಮಿತಿ 160 ಮೈಕ್ರಾನು. ತನಿಖಾ ವರದಿಯ ಪ್ರಕಾರ ಕಂಪನ 840ಕ್ಕೆ ಏರಿತ್ತು. ಮಾಪಕ ಹೇಳಿತ್ತು, ಯಂತ್ರವನ್ನು ಯಾರೂ ನಿಲ್ಲಿಸಲಿಲ್ಲ. ಅಂಕಿ ಓದುವವನ ಕೈಗೆ ನಿಲ್ಲಿಸುವ ಅಧಿಕಾರವೂ ಇರಬೇಕು. ಪಂಪ್‌ಸೆಟ್ಟಿನ ಮುಂದೆ ನಿಂತ ತೋಟಿಗನಿಗೆ ಆ ಅಧಿಕಾರ ಸದಾ ಇತ್ತು.

ಕಾಳಿ ಕಣಿವೆಯ ಮುಳುಗಡೆ, ಕಾಡು, ಮೆಗಾವ್ಯಾಟುಗಳ ಬಗ್ಗೆ ಸಾಕಷ್ಟು ಬರೆದಿದ್ದೇವೆ, ಬರೆಯಬೇಕಾದ್ದೂ ಹೌದು. ಗಂಟೆಗೊಮ್ಮೆ ಬೇರಿಂಗಿನ ಶಾಖವನ್ನು ಲಾಗ್‌ಶೀಟಿಗೆ ಬರೆದಿಟ್ಟ, ಪರದೆಯ ಅಂಕಿಗಿಂತ ಮೊದಲೇ ನೆಲದ ನಡುಕವನ್ನು ಪಾದದಿಂದ ಅರಿತ ನಿರ್ವಾಹಕರ ಅನುಭವ ಮಾತ್ರ ಬಾಯಿಮಾತಿನಲ್ಲೇ ಉಳಿದಿದೆ. ನಿವೃತ್ತರಾಗಿ ಊರಿಗೆ ಮರಳಿದವರು ನಿಮ್ಮ ಮನೆಯಲ್ಲೋ ನೆರೆಯಲ್ಲೋ ಇದ್ದರೆ, ಅವರ ಮಾತನ್ನು ಈ ಬೇಸಿಗೆಯಲ್ಲೇ ಧ್ವನಿಮುದ್ರಿಸಿಕೊಳ್ಳಿ.