ಮಗನಿಗೆ ಬರೆದ ನಾನೂರು ಕಾಗದ

ಹೋದ ವರ್ಷ ದಸರಾ ರಜೆಗೆ ಸ್ವಲ್ಪ ಮುಂಚೆ, ಇಂಜಿನಿಯರಿಂಗ್ ಓದುತ್ತಿರುವ ನಮ್ಮ ಮಗನಿಗೆ ತನ್ನ ತರಗತಿಯ ಹುಡುಗಿಯೊಬ್ಬಳ ಮೇಲೆ ಮನಸ್ಸಾಗಿದೆ ಎಂಬ ಸುದ್ದಿ ನನ್ನ ನಾದಿನಿಯ ಬಾಯಿಂದ ಮನೆ ಸೇರಿತು. ಮಗ ರಜೆಗೆ ಬಂದ ದಿನವೇ ನಮ್ಮವರು ಅವನನ್ನು ಜಗಲಿಯಲ್ಲಿ ಕೂರಿಸಿಕೊಂಡು ಒಂದು ಗಂಟೆ ಬುದ್ಧಿ ಹೇಳಿದರು. ಅವನು "ಹೂಂ ಅಪ್ಪಾ" ಎಂದು ಎದ್ದುಹೋದ. ಆಮೇಲೆ ಇಡೀ ರಜೆ ಅಪ್ಪ ಮಗನ ಮಾತು ಅಷ್ಟಕ್ಕಷ್ಟೆ. ಆ ರಾತ್ರಿ ಪಾತ್ರೆ ತೊಳೆಯುವಾಗ ನನಗೆ ನೆನಪಾದವನು ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್ ಪ್ರಭು. ಇತಿಹಾಸದ ಟೀಚರಿಗೆ ಮನೆ ಕಷ್ಟದಲ್ಲೂ ನೆನಪಾಗುವುದು ಪಾಠವೇ!

ಚೆಸ್ಟರ್‌ಫೀಲ್ಡ್ (1694-1773) ರಾಯಭಾರಿ, ಮಂತ್ರಿ, ದೊಡ್ಡ ಮಾತುಗಾರ. 1752ರಲ್ಲಿ ಇಂಗ್ಲೆಂಡಿನಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತಲ್ಲ, ಆ ಕ್ಯಾಲೆಂಡರ್ ಕಾಯಿದೆಯನ್ನು ಮುಂದೆ ನಿಂತು ತಂದವನು ಇವನೇ. (ನಡುವಿನ ಹನ್ನೊಂದು ದಿನ ಎಲ್ಲಿ ಹೋಯಿತು ಮಿಸ್ ಎಂದು ಪ್ರತಿ ವರ್ಷ ಒಂದು ಮಗುವಾದರೂ ಕೇಳುತ್ತದೆ.) ಹೇಗ್ ನಗರದಲ್ಲಿದ್ದಾಗ, ಮನೆಪಾಠ ಹೇಳಿ ಬದುಕುತ್ತಿದ್ದ ಎಲಿಜಬೆತ್ ದು ಬುಶೆ ಎಂಬ ಫ್ರೆಂಚ್ ಹೆಂಗಸಿನಲ್ಲಿ ಇವನಿಗೆ 1732ರಲ್ಲಿ ಒಬ್ಬ ಮಗ ಹುಟ್ಟಿದ. ಮಗುವಿಗೆ ಫಿಲಿಪ್ ಎಂದು ತನ್ನ ಹೆಸರನ್ನೇ ಇಟ್ಟ. ಮದುವೆಯನ್ನು ಮಾತ್ರ ಮರುವರ್ಷ ಬೇರೊಬ್ಬ ಸಿರಿವಂತೆಯೊಡನೆ ಮಾಡಿಕೊಂಡ.

ಮಗನಿಗೆ ಐದು ವರ್ಷವಾದಾಗ ಶುರುವಾದ ಕಾಗದಗಳು ಮೂವತ್ತು ವರ್ಷ ನಡೆದವು, ನಾನೂರಕ್ಕೂ ಹೆಚ್ಚು. ಲ್ಯಾಟಿನ್ ಓದು, ಹಲ್ಲು ಚೆನ್ನಾಗಿ ಉಜ್ಜು, ಗಟ್ಟಿಯಾಗಿ ನಗಬೇಡ, ಒಂದೂ ಬಿಟ್ಟಿಲ್ಲ. ಹುಡುಗ ದೊಡ್ಡವನಾದ ಮೇಲೆ ಪ್ರೇಮದ ಪಾಠ ಬಂತು. ಹೆಂಗಸರೆಂದರೆ ಬೆಳೆದು ನಿಂತ ಮಕ್ಕಳು, ಅವರನ್ನು ಹೊಗಳಬೇಕು, ನಗಿಸಬೇಕು, ಮುಖ್ಯ ವಿಷಯದಲ್ಲಿ ನಂಬಬಾರದು ಎಂಬುದು ಅದರ ಸಾರ. ನಾಗರಿಕ ಸ್ತ್ರೀಯರ ಸಲಿಗೆಯಿಂದ ಹುಡುಗನ ಒರಟುತನ ಹೋಗುತ್ತದಂತೆ. 1751ರಲ್ಲಿ ಮಗ ಪ್ಯಾರಿಸ್ಸಿನಲ್ಲಿದ್ದಾಗ ಯಾವ ಗೃಹಿಣಿಯ ಮನ ಒಲಿಸಿಕೊಳ್ಳಬೇಕೆಂದು ಹೆಸರು ಹಿಡಿದೇ ಬರೆದಿದ್ದಾನೆ! ಹೆತ್ತ ಅಪ್ಪ ಬರೆಯುವ ಮಾತೇ ಇದು? ಆ ಪುಟ ಬಂದಾಗ ನಾನು ಪುಸ್ತಕ ಮುಚ್ಚಿ ಅಡಿಗೆಮನೆಗೆ ಹೋದೆ.

ಮಗ ಸಂಕೋಚದ ಪ್ರಾಣಿ. 1754ರಲ್ಲಿ ಅಪ್ಪನ ಪ್ರಭಾವದಿಂದ ಪಾರ್ಲಿಮೆಂಟಿಗೆ ಹೋದರೂ ಮೊದಲ ಭಾಷಣದಲ್ಲೇ ತಡವರಿಸಿದ. ಆಮೇಲೆ ಜರ್ಮನ್ ಸಂಸ್ಥಾನಗಳಲ್ಲಿ ರಾಯಭಾರದ ಸಣ್ಣಪುಟ್ಟ ಕೆಲಸ. 1768ರಲ್ಲಿ, ಮೂವತ್ತಾರನೆಯ ವಯಸ್ಸಿಗೆ, ಆವಿನ್ಯೋನ್‌ನಲ್ಲಿ ತೀರಿಕೊಂಡ.

ಆಗ ಗೊತ್ತಾಯಿತು ಮುದುಕನಿಗೆ. ಮಗನಿಗೆ ಒಬ್ಬ ಹೆಂಡತಿ ಇದ್ದಳು! ಯುಜೀನಿಯಾ ಎಂದು ಅವಳ ಹೆಸರು. ದೊಡ್ಡ ಮನೆತನದವಳಲ್ಲ. ಶಾಲೆಗೆ ಹೋಗುವ ವಯಸ್ಸಿನ ಎರಡು ಗಂಡುಮಕ್ಕಳೂ ಇದ್ದವು. ಅಷ್ಟು ವರ್ಷ ಅಪ್ಪನ ಕಾಗದಗಳು ಹೋಗುತ್ತಲೇ ಇದ್ದವು. ಮಗ ಈ ಒಂದು ಸಂಗತಿಯನ್ನು ಮಾತ್ರ ಬರೆಯಲಿಲ್ಲ.

ಕಿವಿ ಕೇಳದ ಆ ವೃದ್ಧ ಸೊಸೆಯ ಮೇಲೆ ಸಿಟ್ಟಾಗಲಿಲ್ಲ ಎಂಬುದನ್ನೂ ಹೇಳಬೇಕು. ಮರ್ಯಾದೆಯಿಂದ ಕಾಗದ ಬರೆದು ಮೊಮ್ಮಕ್ಕಳ ಓದಿನ ಖರ್ಚು ವಹಿಸಿಕೊಂಡ. ಆದರೆ ಉಯಿಲಿನಲ್ಲಿ ಮೊಮ್ಮಕ್ಕಳಿಗೆ ಹಣ, ಸೊಸೆಗೆ ಏನೂ ಇಲ್ಲ. ಯುಜೀನಿಯಾ ಸುಮ್ಮನೆ ಕೂರಲಿಲ್ಲ. ಗಂಡ ಬಿಟ್ಟುಹೋದ ಕಾಗದಗಳನ್ನು ಡಾಡ್‌ಸ್ಲಿ ಎಂಬ ಪ್ರಕಾಶಕನಿಗೆ ಸಾವಿರದೈನೂರು ಪೌಂಡಿಗೂ ಹೆಚ್ಚಿಗೆ ಮಾರಿದಳು. ಉಯಿಲಿನ ಜವಾಬ್ದಾರಿ ಹೊತ್ತವರು ಕೋರ್ಟಿನಿಂದ ತಡೆ ತಂದರೂ ಕೊನೆಗೆ ರಾಜಿಯಾಯಿತು. 1774ರಲ್ಲಿ ಪುಸ್ತಕ ಬಂತು, ಡಾಕ್ಟರ್ ಜಾನ್ಸನ್ ಜರೆದ, ಜನ ಕೊಂಡು ಓದಿದರು. ಬೆಳೆದು ನಿಂತ ಮಗು ಅನ್ನಿಸಿಕೊಂಡವಳ ವ್ಯವಹಾರ ನೋಡಿ!

ರಜೆ ಮುಗಿದು ಮಗ ಹಾಸ್ಟೆಲಿಗೆ ಹೋದ ರಾತ್ರಿ ಇದನ್ನೆಲ್ಲ ನಮ್ಮವರಿಗೆ ಹೇಳಿದೆ. ಅವರು ಮಜ್ಜಿಗೆ ಅನ್ನ ಕಲಸುತ್ತಾ, "ಮಗ ಉತ್ತರ ಬರೀತಿದ್ದನೇನು?" ಎಂದರು.

"ಬರೀತಿದ್ದ. ಹೂಂ ಅಪ್ಪಾ ಅನ್ನೋ ಹಾಗೆ."

ಅವರು ಏನೂ ಅನ್ನಲಿಲ್ಲ. ಭಾನುವಾರ ಮಗನ ಫೋನ್ ಬಂದಾಗ ಯಾವಾಗಲೂ ನನ್ನ ಕೈಗೆ ಕೊಡುವವರು ಅವತ್ತು ಕೊಡಲಿಲ್ಲ. ಮಳೆ, ಪರೀಕ್ಷೆ, ಊಟ ಎಲ್ಲ ವಿಚಾರಿಸಿ, ಗಂಟಲು ಸರಿಮಾಡಿಕೊಂಡು, "ಆ ಹುಡುಗಿ ಯಾವ ಊರಿನವಳಪ್ಪಾ?" ಎಂದು ಕೇಳಿದರು.